ರೊಟ್ಟಿ ಬಿಟ್ಟ ನಲವತ್ತು ದಿನ

ಮೂಡಲಗಿಯ ಜಿಮ್ಮಿನಲ್ಲಿ ಕಸರತ್ತು ಮುಗಿಸಿ ವೃಷಭ ತನ್ನೂರು ಕಲ್ಲೋಳಿಯ ಮನೆ ಮುಟ್ಟುವಾಗ ಹೊತ್ತು ಮುಳುಗಲು ಕಾಲು ಗಂಟೆ ಉಳಿದಿರುತ್ತಿತ್ತು. ಅಷ್ಟರಲ್ಲಿ ತಿಂದು ಮುಗಿಸಬೇಕು. ಜೈನರ ಮನೆ, ಕತ್ತಲಾದ ಮೇಲೆ ಯಾರೂ ಉಣ್ಣುವುದಿಲ್ಲ. ಕಸರತ್ತಿನ ಬೆನ್ನಿಗೇ ಆರು ಮೊಟ್ಟೆ ತಿನ್ನು ಎಂದು ಜಿಮ್ಮಿನ ಉಸ್ತಾದ ಮಾಯಪ್ಪ ಹೇಳಿದ್ದ. ಅದು ಆಗದ ಮಾತು. ಹಾಗಾಗಿ ತಾಯಿ ಕಮಲವ್ವ ಎಮ್ಮೆಯ ಹಾಲಿಗೆ ಲಿಂಬೆ ಹಿಂಡಿ, ಒಡೆದದ್ದನ್ನು ಬಟ್ಟೆಯಲ್ಲಿ ಕಟ್ಟಿ, ಪನೀರು ಮಾಡಿ ಮುಂದಿಡುತ್ತಿದ್ದಳು.

ರೊಟ್ಟಿ, ಅನ್ನ, ಬೆಲ್ಲ ನಲವತ್ತು ದಿನ ಬಂದ್. ಭಾನುವಾರ ಬೆಳಗಾವಿಯ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಅರವತ್ತೈದು ಕಿಲೋದೊಳಗೆ ತೂಗಿದರೆ ಮಾತ್ರ ವೇದಿಕೆ. ವೇದಿಕೆ ಹತ್ತಿ ಬಂದರೆ ಜಿಮ್ಮಿನಲ್ಲಿ ಕಲಿಸುವ ಕೆಲಸ ಕೊಡುತ್ತೇನೆಂದು ಮಾಯಪ್ಪ ಮಾತು ಕೊಟ್ಟಿದ್ದ. ಇಲ್ಲವಾದರೆ ಕಾಕಾನ ಗೊಬ್ಬರದಂಗಡಿಯಲ್ಲಿ ಚೀಲ ಹೊರುವುದು ಇದ್ದೇ ಇತ್ತು.

ಮೂವತ್ತೇಳನೆಯ ದಿನ, ಗುರುವಾರ, ತೂಕ ಅರವತ್ತೈದರ ಮೇಲೆ ಕಾಲು ಕಿಲೋ ಇತ್ತು. ತಲೆ ಭಾರ, ಕಾಲಲ್ಲಿ ಕಸುವಿಲ್ಲ, ಬಾಯಲ್ಲಿ ಕಬ್ಬಿಣದ ರುಚಿ. ಮನೆಗೆ ಬಂದರೆ ಅವ್ವ ಕೊಟ್ಟಿಗೆಯಲ್ಲಿ ಗೋಡೆ ಹಿಡಿದು ಕುಳಿತಿದ್ದಳು. ಕಣ್ಣು ಕತ್ತಲೆ ಬಂದಿತಂತೆ. ತಂಗಿ ರೂಪಾಲಿ ಅವಳಿಗೆ ನೀರು ಕುಡಿಸುತ್ತಿದ್ದಳು.

"ನಿನ್ನ ರಟ್ಟೆ ಏರಸಾಕ ಹೋಗಿ ಅವ್ವನ ರಟ್ಟೆ ಇಳಸಿದಿ," ಎಂದಳು ರೂಪಾಲಿ.

ಆಮೇಲೆ ವಿಷಯ ಹೇಳಿದಳು. ಮೊದಲ ದಿನವೇ ಅವ್ವ ಬಸದಿಗೆ ಹೋಗಿ ನೇಮ ಹಿಡಿದಿದ್ದಳು. ಮಗ ವ್ರತ ಹಿಡಿದಿದ್ದಾನೆ, ಮನೆಯಲ್ಲಿ ಒಬ್ಬನೇ ಬಾಯಿ ಕಟ್ಟಬಾರದು ಎಂಬುದು ಅವಳ ಲೆಕ್ಕ. ಅಂದಿನಿಂದ ಅವಳೂ ರೊಟ್ಟಿ, ಅನ್ನ, ಬೆಲ್ಲ ಮುಟ್ಟಿಲ್ಲ. ಪನೀರೆಲ್ಲ ಅವನಿಗೆ. ಅವಳಿಗೆ ಮಜ್ಜಿಗೆ, ಒಂದಿಷ್ಟು ಕಾಳಿನ ಪಲ್ಯ. ಅದರ ಮೇಲೇ ಹೊಲದಲ್ಲಿ ಕಳೆ ತೆಗೆದಿದ್ದಳು. ಎದುರಿಗೇ ಕುಳಿತು ತಿನ್ನುತ್ತಿದ್ದರೂ ಅವಳ ತಾಟನ್ನು ವೃಷಭ ಒಂದು ದಿನವೂ ನೋಡಿರಲಿಲ್ಲ.

"ಇದು ವ್ರತಾ ಅಲ್ಲವ್ವ. ಮೈಯಾಗಿನ ಕೊಬ್ಬ ಕರಗಿಸೂದು."

"ಬಾಯಿ ಕಟ್ಟಿದ್ರ ಮತ್ತೇನಂತಾರ ಅದಕ್ಕ?"

ಮಾಯಪ್ಪ ಹೇಳಿದ್ದನ್ನೆಲ್ಲ ಅವನು ಬಿಡಿಸಿ ಹೇಳಿದ. ಕಸರತ್ತು, ಹಿಟ್ಟು, ಕೊಬ್ಬು, ತೂಕ. ಅವಳು ಕೇಳಿಸಿಕೊಂಡಳು. ನಂಬಿದಂತೆ ಕಾಣಲಿಲ್ಲ.

ಅವನಿಗೆ ವಾದ ಸಾಕಾಗಿತ್ತು. ಒಳಗೆ ಹೋಗಿ ರೂಪಾಲಿ ಬಡಿದಿಟ್ಟ ರೊಟ್ಟಿ ಎರಡು ತಾಟಿಗೆ ಹಾಕಿಕೊಂಡು, ಅವ್ವನಿಗೆ ಕಾಣುವಂತೆ ಪಡಸಾಲೆಯಲ್ಲಿ ಕುಳಿತ. ಇಷ್ಟು ದಿನ ಬಿಟ್ಟ ಮೇಲೆ ಒಂದು ಹೊತ್ತಿನ ರೊಟ್ಟಿಗೇ ಮೈಯಲ್ಲಿ ಒಂದು ಕಿಲೋ ನೀರು ಕೂಡುತ್ತದೆ ಎಂದು ಮಾಯಪ್ಪ ಹೆದರಿಸಿದ್ದ. ವೃಷಭ ಎರಡನ್ನೂ ತಿಂದ. ಅಂದುಕೊಂಡಷ್ಟು ರುಚಿ ಇರಲಿಲ್ಲ.

"ನಾ ಬಿಟ್ಟೆ. ಈಗ ನೀ ಉಣ್ಣು," ಎಂದ.

ಕಮಲವ್ವ ಕೈತೊಳೆದುಕೊಂಡು ಬಂದು ಅವನೆದುರು ಕುಳಿತಳು. ಮುಖ ಬಿಳಚಿಕೊಂಡಿತ್ತು. ರೊಟ್ಟಿಯ ಬುಟ್ಟಿಯನ್ನು ಅವನ ಕಡೆಗೇ ಸರಿಸಿದಳು.

"ನೀ ಬಿಟ್ಟಿ ಅಂದ್ರ ನಾ ಬಿಡಾಕ ಬರತೈತೇನೊ ತಮ್ಮಾ? ಐತವಾರದ ತನಕಾ, ನಲವತ್ತ ದಿನಾ ಅಂತ ದೇವರ ಮುಂದ ಹೇಳೇನಿ."

ವೃಷಭ ಬರಿದಾದ ತನ್ನ ತಾಟನ್ನು ನೋಡಿದ.

"ಇನ್ನೊಂದ ಹಾಕ್ಲಿ?" ಎಂದು ಕೇಳಿದಳು.

"ಹಾಕು," ಎಂದ.