ಮೂರು ವಾರ ಮುಚ್ಚಿಡಬೇಕಾದ ಬಾಗಿಲು

ರಾತ್ರಿ ಎರಡರ ಸುಮಾರಿಗೆ ಗೊರಗೊರ ಸದ್ದು ವಿದ್ಯಾವತಿಯ ಕಿವಿಗೆ ಬಿತ್ತು. ಮಾವ ಶ್ರೀಶೈಲಪ್ಪನ ಎದೆಯಲ್ಲಿ ಕಫ ಕಟ್ಟಿತ್ತು. ಹಣೆ ಮುಟ್ಟಿದಳು, ಸುಡುತ್ತಿತ್ತು. ಗಂಡನನ್ನು ಎಬ್ಬಿಸಬೇಕಿತ್ತು. ಎಬ್ಬಿಸದೆ ಅವಳು ಕುರ್ಚಿ ಎಳೆದುಕೊಂಡು ಕುಳಿತಳು.

ಮಿದುಳಿನಲ್ಲಿ ರಕ್ತಸ್ರಾವವಾಗಿ, ಹನ್ನೆರಡು ದಿನ ವಿಜಯಪುರದ ಆಸ್ಪತ್ರೆಯಲ್ಲಿದ್ದು ಮಾವ ತನ್ನೂರು ಗೊಳಸಂಗಿಗೆ ಮರಳಿದ್ದ. ಬಿ.ಎಸ್ಸಿ. ಓದಿದ ಸೊಸೆಯೆಂದು ಊರಿನ ಡಾಕ್ಟರ್ ಸಂಜೀವಕುಮಾರ ಅವಳಿಗೇ ಬಿಡಿಸಿ ಹೇಳಿದ್ದರು: "ತಲ್ಯಾಗ ರಕ್ತದ ನರ ಒಡದ್ರ ಮೈ ಕಾಯೋ ಕಣಗಳು ಅಲ್ಲಿಗೇ ನುಗ್ಗತಾವ್ರಿ. ಆಮ್ಯಾಲ ಉಳದ ಮೈಗೆ ರೋಗ ತಡಿಯೋ ಕಸುವು ಕುಂದತೈತಿ. ಮೂರು ವಾರ ಮಂದೀನ ಒಳಗ ಬಿಡಬ್ಯಾಡ್ರಿ. ಒಂದು ಕೆಮ್ಮು ಸಾಕು."

ಆರು ವರ್ಷದ ಹಿಂದೆ, ಎಂಟು ತಿಂಗಳಿಗೇ ಹುಟ್ಟಿದ ಅವಳ ಮಗಳ ಬಗ್ಗೆಯೂ ಡಾಕ್ಟರೊಬ್ಬರು ಹೀಗೆಯೇ ಎಚ್ಚರಿಸಿದ್ದರು. "ನಮ್ಮ ಮನಿ ಬಾಗಲಾ ಮಂದೀಗಿ ಹಾಕೂದಿಲ್ಲ," ಎಂದು ನಕ್ಕ ಮಾವ, ತೊಟ್ಟಿಲಿಗೆ ಹಾಕುವ ದಿನ ಓಣಿಯನ್ನೆಲ್ಲ ಕರೆದಿದ್ದ. ಕೂಸು ಕೈಯಿಂದ ಕೈಗೆ ಹೋಯಿತು. ಅಂದಿನಿಂದ ಒಂಬತ್ತನೆಯ ದಿನ ಜ್ವರದಲ್ಲಿ ತೀರಿಕೊಂಡಿತು. "ನಿನ್ನ ಹಾಲಿನಾಗ ಸತ್ವ ಇರಲಿಲ್ಲ," ಎಂದಿದ್ದ ಮಾವ.

ಮೂರು ದಿನದ ಹಿಂದೆ ಮಾವನ ಗೆಳೆಯ ಸಿದ್ದರಾಯ ಕಾಕಾ ಬಾಳೆಹಣ್ಣು ಹಿಡಿದು, ಖೊಕ್ ಖೊಕ್ ಕೆಮ್ಮುತ್ತ ಹೊಸ್ತಿಲಿಗೆ ಬಂದ.

"ಒಳಗ ಬಿಡ್ತೀಯೋ ಇಲ್ಲೋ ವಿದ್ಯಾ? ಸಾಲಿ ಕಲತ ಸೊಸಿ ಪೊಲೀಸ್ ಪಹರೆ ಹಾಕ್ಯಾಳಂತ ಊರೆಲ್ಲಾ ನಗಾಕತ್ತೈತಿ!"

ಹದಿನಾಲ್ಕು ಮಂದಿಯನ್ನು ಅವಳು ತಿರುಗಿ ಕಳಿಸಿದ್ದಳು. ಈ ಕೆಮ್ಮು ಕೇಳಿ ಬಾಗಿಲು ಪೂರ್ತಿ ತೆರೆದಳು.

"ಬರ್ರಿ ಕಾಕಾ. ನಮ್ಮ ಮನಿ ಬಾಗಲಾ ಮಂದೀಗಿ ಹಾಕೂದಿಲ್ರಿ. ಹತ್ರನ ಕೂಡ್ರಿ, ಅವ್ರಿಗೆ ಕಿವಿ ಕಡಿಮಿ."

ಕಾಕಾ ಮುಖಕ್ಕೆ ಮುಖ ಹಚ್ಚಿ ಅರ್ಧ ತಾಸು ಮಾತಾಡಿದ, ಕೆಮ್ಮಿದ. ಮಾವನ ಕಣ್ಣು ಮಾತ್ರ ಸೊಸೆಯ ಮೇಲಿತ್ತು. ಅವನಿಗೆ ಮಾತು ಬಿದ್ದುಹೋಗಿತ್ತು, ಬುದ್ಧಿ ಹೋಗಿರಲಿಲ್ಲ.

ಜ್ವರದ ಆ ರಾತ್ರಿ ಕಳೆದ ಬೆಳಿಗ್ಗೆ ಡಾಕ್ಟರ್ ಮನೆಗೆ ಬಂದು ಮಾವನ ಎದೆ ಪರೀಕ್ಷಿಸಿದರು. "ನ್ಯುಮೋನಿಯಾ. ಲಗೂನ ವಿಜಯಪುರಕ್ಕ ಒಯ್ರಿ. ಯಾರರ ಬಂದಿದ್ರೇನು?"

"ಬಾಗಲಾ ಒಬ್ಬಾಕಿ ಎಷ್ಟಂತ ಕಾಯ್ಲಿರಿ?" ಎಂದಳು ವಿದ್ಯಾವತಿ. ಅದು ಸುಳ್ಳಾಗಿರಲಿಲ್ಲ.

"ಆಕಿ ತಪ್ಪಲ್ರಿ," ಗಂಡ ಅಮಿತ ಅಡ್ಡ ಬಂದ. "ನಮ್ಮ ಮಂದಿ ಎಲ್ಲಿ ಕೇಳ್ತಾರ? ಬ್ಯಾನಿ ಬಿದ್ದವ್ರನ್ನ ಮಾತಾಡಸ್ಲಿಲ್ಲಂದ್ರ ಅವ್ರಿಗೆ ಅನ್ನ ಇಳಿಯೂದಿಲ್ಲ."

ಮಾವನ ಗಂಟಲಿನಿಂದ ಏನೋ ಹೊರಡಲು ಹೆಣಗಿತು. ಅಮಿತ ಬಗ್ಗಿ ಕೇಳಿದ, ಏನೂ ತಿಳಿಯಲಿಲ್ಲ.

ಮಾವ ಉಳಿಯಲಿ, ಹೋಗಲಿ, ಕೆಮ್ಮು ಕೇಳಿಯೇ ಬಾಗಿಲು ತೆರೆದೆನೆಂದು ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿಕೊಂಡು, ಅವಳು ಆಸ್ಪತ್ರೆಗೆ ಬೇಕಾದ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು.