ಗಯಾಜ್ ಕೇಳಿದ ಫೋಟೋ

ಯುದ್ಧ ಮುಗಿದು ದಂಡು ಪ್ರದೇಶದ ಬೀದಿದೀಪಗಳಿಗೆ ವಿಮಾನದಾಳಿಯ ಭಯದಿಂದ ಹಾಕಿದ್ದ ಕಪ್ಪು ಮುಸುಕು ತೆಗೆದ ಮರುವರ್ಷ ಹಲಸೂರಿನ ಪಿಳ್ಳಪ್ಪನಿಗೆ ಕ್ಯಾಮೆರಾ ಹುಚ್ಚು ಹಿಡಿಯಿತು. ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ. ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ತಾಯ್ನಾಡಿಗೆ ಹೊರಟ ಸೋಲ್ಜರನೊಬ್ಬನಿಂದ ಕೊಂಡ ಕ್ಯಾಮೆರಾದಲ್ಲಿ ಅವನು ಏನು ತೆಗೆದರೂ ರಾತ್ರಿಯೇ ತೆಗೆಯಬೇಕಿತ್ತು.

ಮೊದಲ ರೋಲಿನಲ್ಲಿ ದೀಪದ ಬಿಳಿ ಚುಕ್ಕಿ ಬಿಟ್ಟರೆ ಏನೂ ಬರಲಿಲ್ಲ. ಎರಡನೆಯದರಲ್ಲಿ ಕೈ ನಡುಗಿ ದೀಪಗಳೆಲ್ಲ ಹುಳುಗಳಂತೆ ಹರಿದಾಡಿದ್ದವು. ಮೂರನೆಯ ಸಲ ಕ್ಯಾಮೆರಾವನ್ನು ಕೆರೆಯ ಕಟ್ಟೆಯ ಮೇಲಿಟ್ಟು, ಶಟರ್ ತೆರೆದು ನೂರರವರೆಗೆ ಎಣಿಸಿದ. ಕೆರೆ ಬಂತು, ಮರ ಬಂತು. ಎದುರಿಗೆ ಓಡಾಡಿದ ಮನುಷ್ಯರಲ್ಲಿ ಒಬ್ಬರೂ ಬಂದಿರಲಿಲ್ಲ.

"ಅವ್ರು ನಿಲ್ಲಲಿಲ್ಲ, ಫಿಲಂ ಮೇಲೂ ನಿಲ್ಲಲಿಲ್ಲ, ಅಷ್ಟೇ," ಎಂದು ಗಯಾಜ್ ನಕ್ಕ. ಆಗಿನ್ನೂ ಬ್ಲ್ಯಾಕ್‌ಪಳ್ಳಿ ಎನ್ನುತ್ತಿದ್ದ ಶಿವಾಜಿನಗರದ ಸ್ಟುಡಿಯೋ ಒಂದರಲ್ಲಿ, ಕೂದಲೆಳೆಯಂಥ ಬ್ರಷ್ ಹಿಡಿದು ನೆಗೆಟಿವ್‌ಗಳ ಕಲೆ ಅಳಿಸುವುದು ಅವನ ಕೆಲಸ. ಪಿಳ್ಳಪ್ಪನಿಗಿಂತ ಹತ್ತು ವರ್ಷ ದೊಡ್ಡವನು. ಕೆಲಸ ಮುಗಿದ ಮೇಲೆ ಪಿಳ್ಳಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ರೋಲ್ ತೊಳೆಯುವುದನ್ನು ಕಲಿಸಿದ. ಮನುಷ್ಯರು ಬೇಕಾದರೆ ಕ್ಷಣಮಾತ್ರದ ಜೋರು ಬೆಳಕಿಗೆ ಮೆಗ್ನೀಸಿಯಂ ಪುಡಿ ಉರಿಸಬೇಕೆಂದು ಹೇಳಿಕೊಟ್ಟವನೂ ಅವನೇ. "ಅರ್ಧ ಚಮಚ. ಮೇಲೆ ಒಂದು ಕಾಳೂ ಬೇಡ."

ಅರ್ಧ ಚಮಚದಲ್ಲಿ ತೆಗೆದ ಚಿತ್ರ ಮಂಕಾಗಿ ಬಂತು. ಪಿಳ್ಳಪ್ಪನ ಮನಸ್ಸಿಗೆ ಅದು ಹಿಡಿಸಲಿಲ್ಲ.

ಗಯಾಜನ ಅಕ್ಕನ ಮಗ ಶಫಿಯ ಮದುವೆ ಬಂತು. ಮೆರವಣಿಗೆ ಹೊರಡುವ ಮುಂಚೆ ಮನೆಯವರೆಲ್ಲ ಹೊಸ್ತಿಲ ಮುಂದೆ ನಿಂತರು. ನಡುವೆ ಕುರ್ಚಿಯಲ್ಲಿ ಗಯಾಜನ ಮುದಿ ತಾಯಿ ಮೆಹರುನ್ನೀಸಾ. ಗಯಾಜ್ ಪುಡಿಯ ತಟ್ಟೆ ಹಿಡಿಯಲು ತಾನೇ ಮುಂದಾದ. ಅವನು ಅರ್ಧ ಚಮಚ ಹಾಕಿದ ತಟ್ಟೆಯನ್ನು ಕೆಳಗಿಟ್ಟು, ಶಫಿಯ ಮುಖದ ಮೇಲಿನ ಹೂವಿನ ಜಾಲರಿ ಸರಿಪಡಿಸಲು ಅತ್ತ ತಿರುಗಿದಾಗ, ಪಿಳ್ಳಪ್ಪ ತಟ್ಟೆಗೆ ಇನ್ನೆರಡು ಚಮಚ ಸುರಿದ.

"ರೆಡಿನಾ?" ಎಂದ ಗಯಾಜ್.

"ಹೂಂ, ಭಾಯ್."

ಗಯಾಜ್ ತಟ್ಟೆ ಎತ್ತಿ ಹಿಡಿದು ಅದರ ಕಿಡಿಕಲ್ಲು ಉಜ್ಜಿದ. ಬೀದಿಯೇ ಬೆಳ್ಳಗಾಯಿತು. ಹೊಗೆ ಸರಿದಾಗ ಗಯಾಜ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತಿದ್ದ.

ಬಲಗಣ್ಣು ಉಳಿಯಲಿಲ್ಲ. ಎಡಗಣ್ಣಿಗೆ ಇನ್ನು ಸೂಕ್ಷ್ಮ ಕೆಲಸ ಆಗದು ಎಂದರು ಡಾಕ್ಟರು. ಬ್ರಷ್ ಕೆಳಗಿಟ್ಟ ಗಯಾಜ್, ಕಾಕ್ಸ್ ಟೌನಿನ ಬೇಕರಿಯೊಂದರಲ್ಲಿ ಬ್ರೆಡ್ ಕಟ್ಟಿಕೊಡುವ ಕೆಲಸಕ್ಕೆ ಸೇರಿಕೊಂಡ. ಪಿಳ್ಳಪ್ಪನ ಮೇಲೆ ಒಂದು ಮಾತೂ ಆಡಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದ್ದು ಒಂದೇ: "ಫೋಟೋ ಬಂತಾ?"

ಬಂದಿತ್ತು. ಪಿಳ್ಳಪ್ಪ ಹಿಂದೆಂದೂ ತೆಗೆದಿರದಷ್ಟು ಚೆನ್ನಾಗಿ ಬಂದಿತ್ತು. ಯಾರಿಗೂ ಏನೂ ತಿಳಿಯುವ ಮುಂಚಿನ ಗಳಿಗೆ ಅದು, ಎಲ್ಲರೂ ನಗುತ್ತಿದ್ದರು. ಈ ಚಿತ್ರಕ್ಕಾಗಿ ಕಣ್ಣು ಹೋಯಿತೆಂದು ಹೇಗೆ ತೋರಿಸುವುದು? "ಇಲ್ಲ ಭಾಯ್, ಹಾಳಾಯ್ತು," ಎಂದುಬಿಟ್ಟ. ನೆಗೆಟಿವನ್ನು ಟ್ರಂಕಿನ ತಳದಲ್ಲಿಟ್ಟ. ಕ್ಯಾಮೆರಾವನ್ನು ಮತ್ತೆ ಮುಟ್ಟಲಿಲ್ಲ.

ಮರುವರ್ಷ ಮೆಹರುನ್ನೀಸಾ ತೀರಿಕೊಂಡರು. ಮಣ್ಣು ಕೊಟ್ಟು ಬರುವಾಗ ಗಯಾಜ್ ಪಿಳ್ಳಪ್ಪನ ಹೆಗಲ ಮೇಲೆ ಕೈಯಿಟ್ಟು, "ಜನ್ಮದಲ್ಲಿ ಒಂದು ಫೋಟೋ ತೆಗೆಸ್ಕೊಂಡವರಲ್ಲ ಅಮ್ಮಿ. ಆವತ್ತಿಂದೊಂದು ಬಂದಿದ್ರೆ..." ಎಂದ. ಪಿಳ್ಳಪ್ಪ ಆಗಲೂ ಹೇಳಲಿಲ್ಲ. ಒಂದು ಸುಳ್ಳನ್ನು ಬಿಚ್ಚಿದರೆ ಎರಡು ಚಮಚದ ಸುದ್ದಿಯೂ ಹೊರಬೀಳುತ್ತದೆಂಬ ಹೆದರಿಕೆ.

ಇನ್ನೂ ಒಂದು ವರ್ಷ ಹಾಗೇ ಕಳೆಯಿತು. ಕೊನೆಗೊಂದು ಭಾನುವಾರ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಾಗದದಲ್ಲಿ ಸುತ್ತಿಕೊಂಡು ಬೇಕರಿಗೆ ಹೋದ. ಗಯಾಜ್ ಅದನ್ನು ಬಾಗಿಲ ಬೆಳಕಿಗೆ ಒಯ್ದು ಎಡಗಣ್ಣಿನ ಹತ್ತಿರ ಹಿಡಿದ. ಬೆರಳನ್ನು ನಡುವಿನ ಕುರ್ಚಿಯ ಮೇಲೆ ನಿಲ್ಲಿಸಿದ.

"ಅಮ್ಮಿ ನಗ್ತಾ ಇದಾರೆ."

"ಭಾಯ್, ಆವತ್ತು ನಾನು ಪುಡಿ..."

"ಗೊತ್ತು. ಅರ್ಧ ಚಮಚದ ಬೆಳಕು ಎಷ್ಟಿರತ್ತೆ ಅಂತ ನಂಗೆ ಗೊತ್ತಿಲ್ವಾ? ಆವತ್ತೇ ಮಾಫ್ ಮಾಡ್ಬಿಟ್ಟೆ." ಅವನ ದನಿ ಇಳಿಯಿತು. "ಆದ್ರೆ ಇದನ್ನ ಯಾಕೆ ಬಚ್ಚಿಟ್ಟೆ? ಹಾಳಾಯ್ತು ಅಂದ್ರೂ ಅಮ್ಮಿ ಹೋಗೋವರ್ಗೂ 'ನನ್ನ ಫೋಟೋ ಹೇಗೆ ಬಂತು' ಅಂತ ಕೇಳ್ತಾನೇ ಇದ್ರು."

ಗಿರಾಕಿಯೊಬ್ಬ ಒಳಗೆ ಬಂದ. ಗಯಾಜ್ ಚಿತ್ರವನ್ನು ಎದೆಗವಚಿಕೊಂಡು, "ನೀನಿನ್ನು ಹೊರಡು," ಎಂದ. ಆಮೇಲೆ ಪಿಳ್ಳಪ್ಪ ಎಷ್ಟು ಭಾನುವಾರ ಹೋದರೂ ಗಯಾಜ್ ಬ್ರೆಡ್ ಕಟ್ಟಿಕೊಟ್ಟ; ಕೂತ್ಕೋ ಎನ್ನಲಿಲ್ಲ.