ಯಂಕವ್ವನಿಗೆ ಆಸಕ್ತಿ ಇಲ್ಲವಂತೆ

ಸರ್ವೇ ಎಂದರೆ ನನಗೀಗ ವಾಕರಿಕೆ ಬರುತ್ತದೆ. ನನ್ನನ್ನು ನೆನೆದರೂ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮಣಿಪಾಲದ ಪ್ರೊಫೆಸರ್ ಸರ್ವೋತ್ತಮರದ್ದು ದೊಡ್ಡ ಸಂಶೋಧನೆ: ವಲಸೆ ಕಾರ್ಮಿಕರು ಯಾಕೆ ವೋಟು ಹಾಕುವುದಿಲ್ಲ. ಅವರು ಕಾರಿನಿಂದ ಇಳಿಯುವವರಲ್ಲ. ಮನೆಮನೆ ಸುತ್ತಲಿಕ್ಕೆ ಹಿರಿಯಡ್ಕದ ಸುಗಂಧಿ, ಅಂದರೆ ನಾನು. ಕುಕ್ಕುಂದೂರಿನ ಶೀಟುಮನೆಗಳ ಸಾಲಿನಲ್ಲಿ ಗಂಗಾವತಿ ಕಡೆಯ ಯಂಕವ್ವ ಸಿಕ್ಕಿದಳು. ಗಾರೆ ಕೆಲಸ, ಇಲ್ಲಿಗೆ ಬಂದು ಹನ್ನೊಂದು ವರ್ಷ. ಆ ಸಾಲಿಗೆ ನಳ್ಳಿ ಇಲ್ಲ. ಕೇಳಲಿಕ್ಕೆ ಹೋದರೆ ಯಾವನೋ ಪುಢಾರಿ, "ವೋಟರ್ ಲಿಸ್ಟಲ್ಲಿ ಹೆಸರಿಲ್ಲದವರಿಗೆ ಎಂತ ನೀರು?" ಎಂದು ಓಡಿಸಿದ್ದನಂತೆ. ಹಾಗಾಗಿ ಅವಳಿಗೆ ಈ ಸಲ ವೋಟು ಬೇಕೇ ಬೇಕಿತ್ತು.

ಪ್ರಶ್ನೆ ಕೇಳುವ ಮೊದಲು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಬೇಕು, ಅದು ಸಂಶೋಧನೆಯ ನಿಯಮ. "ಇದು ವೋಟಿಂದೇನ್ರಿ ಅಕ್ಕಾರ?" ಎಂದು ಕೇಳಿದಳು. ಮಧ್ಯಾಹ್ನದೊಳಗೆ ಇನ್ನೂ ಹನ್ನೆರಡು ಫಾರ್ಮು ಮುಗಿಸಲಿಕ್ಕಿತ್ತು. "ಹೌದು, ವೋಟಿನದ್ದೇ," ಅಂದೆ. ನನ್ನ ಬಾಯಿಗೆ ಹುಳ ಬೀಳಲಿ.

ವಾರ ಕಳೆದು ಅಂಗನವಾಡಿ ಟೀಚರ್ ವೋಟರ್ ಲಿಸ್ಟಿಗೆ ಹೆಸರು ಸೇರಿಸುವ ನಿಜವಾದ ಅರ್ಜಿ ಹಿಡಿದುಕೊಂಡು ಬಂದರು. ಯಂಕವ್ವ, "ನಮ್ದು ಆಗೇತ್ರಿ, ಮಣಿಪಾಲದಾರು ಬರ್ಕೊಂಡು ಹೋಗ್ಯಾರ," ಎಂದು ಅವರನ್ನು ಕಳಿಸಿಬಿಟ್ಟಳು. ಇಡೀ ಸಾಲಿಗೆ ಸಾಲೇ ಹಾಗೆ ಹೇಳಿತು.

ಮತದಾನದ ದಿನ ಕೂಲಿ ಬಿಟ್ಟು, ತಲೆ ಬಾಚಿಕೊಂಡು ಶಾಲೆಯ ಬೂತಿಗೆ ಹೋದಳು. ಹೆಸರಿಲ್ಲ. ಎರಡನೇ ಸುತ್ತಿನ ಪ್ರಶ್ನೆ ಹಿಡಿದುಕೊಂಡು ನಾನು ಹೋದಾಗ ಬೈಯಲಿಲ್ಲ. "ನೀವ ಬರ್ಕೊಂಡಿದ್ರಲ್ರೀ, ಎಲ್ಲಿ ಹೋತು ನನ್ನ ಹೆಸರು?" ಎಂದು ಕೇಳಿದಳು. ಬೈದಿದ್ದರೆ ಆ ರಾತ್ರಿ ನನಗೆ ಅನ್ನವಾದರೂ ಸೇರುತ್ತಿತ್ತು.

ಸರ್ವೋತ್ತಮ ಸರ್‌ಗೆ ಎಲ್ಲ ಹೇಳಿದೆ. ತಪ್ಪು ನಮ್ಮದು, ಹಾಗೆಯೇ ಬರೆಯಿರಿ ಅಂದೆ. ಅವರು ಚಹಾ ಊದಿಕೊಂಡು, "ಅದಕ್ಕೆ ಕಾಲಮ್ ಇಲ್ಲ ಅಲ್ವಾ? ಟೀಚರನ್ನು ವಾಪಸ್ ಕಳಿಸಿದ್ದು ಅವಳೇ ತಾನೇ? ಆಸಕ್ತಿ ಇಲ್ಲ ಎಂಬಲ್ಲಿಗೆ ಹಾಕು," ಎಂದರು. ಇದೆಂತ ಜನ ಮಾರಾಯ್ರೆ. ಥೂ ಎಂದು ಮನಸ್ಸಿನಲ್ಲೇ ಉಗಿದೆ. ಕೈ ಮಾತ್ರ ಹೇಳಿದಲ್ಲಿಗೇ ಗುರುತು ಹಾಕಿತು.

ಕಳೆದ ತಿಂಗಳು ಉಡುಪಿಯ ಒಂದು ಎಸಿ ಹಾಲಿನಲ್ಲಿ ವಿಚಾರ ಸಂಕಿರಣ. ಪರದೆಯ ಮೇಲೆ ಯಂಕವ್ವನ ಫೋಟೋ, ಅದರ ಕೆಳಗೆ, "ಮನೆ ಬಾಗಿಲಿಗೆ ಬಂದ ಹಕ್ಕನ್ನೂ ಬೇಡವೆಂದವರು." ಮುಂದಿನ ಸಾಲಿನವರು ಗೋಡಂಬಿ ಜಗಿಯುತ್ತಾ ಪಾಪ ಅಂದರು. ಇವರಿಗೆಲ್ಲ ತಿಳುವಳಿಕೆ ಕೊಡಬೇಕು ಎಂದು ಇನ್ನೊಬ್ಬರು. ಸರ್ ಮೈಕಿನಲ್ಲಿ ನನ್ನ ಹೆಸರು ಕರೆದು, ಪ್ರಾಮಾಣಿಕವಾಗಿ ಮಾಹಿತಿ ತಂದ ಹುಡುಗಿ ಎಂದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು ಕೈ ಮುಗಿದೆ.